ಕೈ ಬಲ್ಲ ಗೋಲವನ್ನು ಕಣ್ಣು ಗುರುತಿಸುತ್ತದಾ? ಲಾಕ್ ಯಾಕೆ ‘ಇಲ್ಲ’ ಅಂದ?

ಸಂಜೆಓದು:
ಎರಡು ತಿಂಗಳಿಂದ ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್‌ನ ಆ ದಪ್ಪ ಪುಸ್ತಕ ಓದುತ್ತಿದ್ದೇನೆ. ಮನುಷ್ಯನ ತಿಳಿವಳಿಕೆ ಎಲ್ಲಿಂದ ಬರುತ್ತದೆ ಅಂತ 1690ರಲ್ಲಿ ಬರೆದದ್ದು. ದಿನಕ್ಕೆ ಎರಡೋ ಮೂರೋ ಪುಟ, ಅಷ್ಟೇ. ಎರಡನೇ ಭಾಗದ ಒಂಬತ್ತನೇ ಅಧ್ಯಾಯದಲ್ಲಿ ಗಾಡಿ ನಿಂತುಬಿಟ್ಟಿದೆ. ತಳ್ಳಲು ನಾಲ್ಕು ಜನ ಬೇಕು, ಅದಕ್ಕೇ ಇಲ್ಲಿಗೆ ಬಂದೆ.

ವಿಷಯ ಏನಂದರೆ, ಡಬ್ಲಿನ್‌ನಲ್ಲಿ ವಿಲಿಯಂ ಮಾಲಿನ್ಯೂ ಅಂತ ಒಬ್ಬನಿದ್ದ. ಮಸೂರ, ದುರ್ಬೀನು ಇವುಗಳ ಲೆಕ್ಕಾಚಾರದ ಬಗ್ಗೆ ಪುಸ್ತಕ ಬರೆದವನು. 1693ರ ಮಾರ್ಚಿನಲ್ಲಿ ಲಾಕ್‌ಗೆ ಒಂದು ಪತ್ರ ಬರೆದ. ಹುಟ್ಟಿನಿಂದ ಕಣ್ಣು ಕಾಣದವನೊಬ್ಬ ಈಗ ದೊಡ್ಡವನಾಗಿದ್ದಾನೆ. ಒಂದು ಗೋಲ, ದಾಳದ ಆಕಾರದ ಒಂದು ಘನ ಇದೆ. ಎರಡೂ ಒಂದೇ ಲೋಹದವು, ಹೆಚ್ಚುಕಡಿಮೆ ಒಂದೇ ಗಾತ್ರ. ಮುಟ್ಟಿ ನೋಡಿ ಯಾವುದು ಯಾವುದು ಅಂತ ಹೇಳುವುದು ಅವನಿಗೆ ಗೊತ್ತು. ಈಗ ಅವನಿಗೆ ಕಣ್ಣು ಬಂತು ಅಂತಿಟ್ಟುಕೊಳ್ಳಿ. ಎರಡನ್ನೂ ಮೇಜಿನ ಮೇಲೆ ಇಟ್ಟಿದ್ದೀರಿ, ಮುಟ್ಟುವ ಹಾಗಿಲ್ಲ. ಬರೀ ನೋಡಿ ಇದು ಗೋಲ, ಇದು ಘನ ಅಂತ ಹೇಳುತ್ತಾನಾ?

ಇಲ್ಲ ಅಂತ ಮಾಲಿನ್ಯೂನೇ ಉತ್ತರವನ್ನೂ ಬರೆದಿದ್ದ. ಲಾಕ್ ಕೂಡ ಇಲ್ಲ ಅಂದ. ಪತ್ರದ ಆ ಭಾಗವನ್ನು 1694ರ ಎರಡನೇ ಮುದ್ರಣಕ್ಕೆ ಹಾಗೇ ಸೇರಿಸಿದ.

ನನ್ನ ತಕರಾರು ಇಲ್ಲಿದೆ. ನಾಲ್ಕೇ ಅಧ್ಯಾಯ ಹಿಂದೆ ಇದೇ ಲಾಕ್, ಆಕಾರ ಅನ್ನುವುದು ಕಣ್ಣಿನಿಂದಲೂ ಬರುತ್ತದೆ, ಕೈಯಿಂದಲೂ ಬರುತ್ತದೆ ಅಂತ ಬರೆದಿದ್ದಾನೆ. ಬಣ್ಣಕ್ಕೆ ಒಂದೇ ಬಾಗಿಲು, ವಾಸನೆಗೆ ಒಂದೇ ಬಾಗಿಲು, ಆಕಾರಕ್ಕೆ ಎರಡು. ಎರಡು ಬಾಗಿಲಿಂದ ಒಳಗೆ ಬರುವವನು ಒಬ್ಬನೇ ಮನುಷ್ಯ ಅಂದಮೇಲೆ ಹಿತ್ತಲಿಂದ ಬಂದಾಗ ಗುರುತು ಸಿಗಲ್ಲ ಅಂದರೆ ಹೇಗೆ? ಅವನು ‘ಹೌದು’ ಅನ್ನಬೇಕಿತ್ತು ಅಲ್ವಾ?

ತರ್ಲೆ ತಮ್ಮ:
ಮಾಲಿನ್ಯೂ ಅಂದ ತಕ್ಷಣ ನನಗೆ ಮಾಲಿನ್ಯ ನಿಯಂತ್ರಣ ಮಂಡಳಿ ನೆನಪಾಯಿತು. ಕ್ಷಮಿಸಿ.

ಒಂದು ಸಣ್ಣ ಪ್ರಶ್ನೆ. ಲೋಹ ಯಾಕೆ? ಲಾಡು ಮತ್ತು ಮೈಸೂರು ಪಾಕ್ ಇಟ್ಟಿದ್ದರೆ ಆಗುತ್ತಿರಲಿಲ್ವಾ?

ಗಣಿತದ ಮೇಷ್ಟ್ರು:
ತಮ್ಮಾ, ಲಾಡು ಇಟ್ಟರೆ ಮೂಗೇ ಉತ್ತರ ಹೇಳಿಬಿಡುತ್ತದೆ. ಅದಕ್ಕೇ ಅವನು ಒಂದೇ ಲೋಹ, ಒಂದೇ ಗಾತ್ರ ಅಂದಿದ್ದು. ಆಕಾರ ಬಿಟ್ಟು ಬೇರೆ ಯಾವ ಸುಳಿವೂ ಸಿಗಬಾರದು. ಪ್ರಶ್ನೆ ಪತ್ರಿಕೆ ತಯಾರಿಸಿ ಗೊತ್ತಿರುವವನು.

ಸಂಜೆಓದು ಅವರೇ, ನಿಮ್ಮ ಪರ ನಿಂತವನು ಒಬ್ಬನಿದ್ದಾನೆ, ಜರ್ಮನಿಯ ತತ್ವಜ್ಞಾನಿ ಲೈಬ್‌ನಿಜ್. ಲಾಕ್‌ನ ಪುಸ್ತಕವನ್ನು ಮುಂದಿಟ್ಟುಕೊಂಡು, ಅಧ್ಯಾಯಕ್ಕೆ ಅಧ್ಯಾಯ ಎದುರು ವಾದ ಹೂಡಿ, ಇಬ್ಬರು ಕೂತು ಮಾತಾಡುವ ಹಾಗೆ ಒಂದು ಪುಸ್ತಕ ಬರೆದ. ಅದು ಮುಗಿಯುವ ಹೊತ್ತಿಗೆ, 1704ರಲ್ಲಿ, ಲಾಕ್ ತೀರಿಕೊಂಡ. ಉತ್ತರ ಕೊಡಲು ಆಗದವನ ಮೇಲೆ ಬರೆದದ್ದನ್ನು ಅಚ್ಚು ಮಾಡಿಸುವುದು ಲೈಬ್‌ನಿಜ್‌ಗೆ ಸರಿ ಕಾಣಲಿಲ್ಲ. ಹಸ್ತಪ್ರತಿ ಹಾಗೇ ಬಿದ್ದಿತ್ತು. ಅಚ್ಚಾದದ್ದು 1765ರಲ್ಲಿ, ಆಗ ಲೈಬ್‌ನಿಜ್ ಸತ್ತೇ 49 ವರ್ಷ ಆಗಿತ್ತು. ಇವತ್ತು ನಾವು ರಾತ್ರಿ ಹನ್ನೊಂದಕ್ಕೆ ಪೋಸ್ಟ್ ಹಾಕಿ ಹನ್ನೊಂದೂ ಐದಕ್ಕೆ ಯಾರೂ ಉತ್ತರಿಸಿಲ್ಲ ಅಂತ ಬೇಜಾರು ಮಾಡಿಕೊಳ್ಳುತ್ತೇವೆ.

ಅವನ ಉತ್ತರ ‘ಹೌದು’. ಆದರೆ ಒಂದು ಷರತ್ತಿದೆ. ಮುಂದೆ ಇರುವುದು ಒಂದು ಗೋಲ, ಒಂದು ಘನ ಅಂತ ಅವನಿಗೆ ಮೊದಲೇ ಹೇಳಿರಬೇಕು. ಹೇಳಿದ್ದರೆ ಯೋಚನೆ ಮಾಡಿ ಕಂಡುಹಿಡಿಯಬಹುದು. ಗೋಲವನ್ನು ಎಲ್ಲಿ ಸವರಿದರೂ ಒಂದೇ ಥರ, ಮೂಲೆ ಅಂತ ಇಲ್ಲ. ಘನಕ್ಕೆ ಎಂಟು ಮೂಲೆ. ಕಣ್ಣಿಗೆ ಕಾಣುವುದರಲ್ಲೂ ಒಂದಕ್ಕೆ ಮೂಲೆ ಇದೆ, ಇನ್ನೊಂದಕ್ಕೆ ಇಲ್ಲ. ಹೊಂದಿಸಿದರೆ ಆಯಿತು.

ಇದರ ಹಿಂದೆ ಇನ್ನೂ ಚೆಂದದ ಮಾತೊಂದಿದೆ. ಕೈಕಾಲು ಆಡಿಸಲಾಗದವನು ಬರೀ ಕಣ್ಣಿನಿಂದ ರೇಖಾಗಣಿತ ಕಲಿಯಬಹುದು, ಕಣ್ಣು ಕಾಣದವನು ಬರೀ ಕೈಯಿಂದ ಕಲಿಯಬಹುದು. ಇಬ್ಬರ ತಲೆಯಲ್ಲೂ ಒಂದೇ ಚಿತ್ರ ಇಲ್ಲ. ಆದರೂ ಇಬ್ಬರ ಪ್ರಮೇಯಗಳೂ ಕೂಡಲೇಬೇಕು ಅನ್ನುತ್ತಾನೆ. ಅಂದರೆ ತಿಳಿವಳಿಕೆ ಬೇರೆ, ತಲೆಯಲ್ಲಿ ಮೂಡುವ ಚಿತ್ರ ಬೇರೆ.

ತರ್ಲೆ ತಮ್ಮ:
ಮೇಷ್ಟ್ರೇ, ಒಂದು ನಿಮಿಷ. ಈಗ ತಾನೇ ಪೇಸ್ಟಿನ ಡಬ್ಬಿ ತಿರುಗಿಸಿ ಎಣಿಸಿದೆ. ಹೇಗೆ ಹಿಡಿದರೂ ಕಣ್ಣಿಗೆ ಏಳೇ ಮೂಲೆ. ಎಂಟನೆಯದು ಹಿಂದೆ ಅಡಗಿರುತ್ತದೆ. ನೇರ ಎದುರಿಗಿಟ್ಟರೆ ಬರೀ ನಾಲ್ಕು! ಲೈಬ್‌ನಿಜ್ ಲೆಕ್ಕ ತಪ್ಪಲ್ವಾ?

ಗಣಿತದ ಮೇಷ್ಟ್ರು:
ತರ್ಲೆಯಾದರೂ ಮಾತು ಸರಿ. ಎಂಟು ಕಾಣಬೇಕಿಲ್ಲ, ಮೂಲೆ ಇದೆಯೋ ಇಲ್ಲವೋ ಅಂತ ಗೊತ್ತಾದರೆ ಸಾಕು. ಆದರೂ ‘ಎಂಟನೆಯದು ಹಿಂದೆ ಇದೆ’ ಅಂದೆಯಲ್ಲ, ಆ ‘ಹಿಂದೆ’ ಹೊಸದಾಗಿ ಕಣ್ಣು ಬಂದವನಿಗೆ ಗೊತ್ತಿರುತ್ತದಾ ಅನ್ನುವುದೇ ಕಷ್ಟದ ಜಾಗ.

ಹಳೇ ಪೆನ್ನು:
ನಮ್ಮ ಅಜ್ಜಿಗೆ ಹೋದ ವರ್ಷ ಪೊರೆ ತೆಗೆಸಿದೆವು. ಪಟ್ಟಿ ಬಿಚ್ಚಿದ ತಕ್ಷಣ ನನ್ನನ್ನು ನೋಡಿ ‘ಎಷ್ಟು ಕಪ್ಪಗಾಗಿದ್ದೀಯೋ’ ಅಂದರು. ಗೋಲ, ಘನ ಇರಲಿ, ಮೊಮ್ಮಗನ ಬಣ್ಣವೇ ಗೊತ್ತಾಯಿತು. ಇಷ್ಟು ಸುಲಭದ್ದಕ್ಕೆ ಮುನ್ನೂರು ವರ್ಷ ಜಗಳವಾ?

ಕನ್ನಡಕದಂಗಡಿ:
ಅಜ್ಜಿ ಎಪ್ಪತ್ತು ವರ್ಷ ನೋಡಿ ಆಮೇಲೆ ಪೊರೆ ಬಂದವರು ಸರ್. ಅವರ ಮಿದುಳು ನೋಡುವುದನ್ನು ಯಾವತ್ತೋ ಕಲಿತಾಗಿದೆ. ಕಿಟಕಿ ಕೊಳೆಯಾಗಿತ್ತು, ಒರೆಸಿದರು, ಅಷ್ಟೇ. ಹುಟ್ಟಿದಾಗಲೇ ಪೊರೆ ಇರುವ ಮಗುವಿನ ಕಥೆ ಬೇರೆ. ಅದರ ಬಗ್ಗೆ ಆಮೇಲೆ ಬರೆಯುತ್ತೇನೆ, ಅಂಗಡಿಯಲ್ಲಿ ಜನ ಇದ್ದಾರೆ.

ಸೋಮವಾರ ಸಂತೆ:
ಮೂಲ ತಕರಾರಿಗೆ ವಾಪಸ್ ಬರೋಣ. ಸಂಜೆಓದು ಅವರೇ, ಆ ಅಧ್ಯಾಯವನ್ನು ನಾನೂ ಒಂದು ಕಾಲದಲ್ಲಿ ಮೂರು ಸಲ ಓದಿದ್ದೇನೆ. ಮಾಲಿನ್ಯೂ ಪತ್ರಕ್ಕಿಂತ ಸ್ವಲ್ಪ ಮೇಲಿನ ಸಾಲುಗಳನ್ನು ಇನ್ನೊಮ್ಮೆ ನೋಡಿ. ಒಂದೇ ಬಣ್ಣದ ಗೋಲ ಮುಂದಿಟ್ಟಾಗ ಕಣ್ಣಿಗೆ ನಿಜವಾಗಿ ಸಿಗುವುದು ಗೋಲ ಅಲ್ಲ, ಅಲ್ಲಲ್ಲಿ ನೆರಳು ಬಿದ್ದ ಒಂದು ಚಪ್ಪಟೆ ವೃತ್ತ ಅನ್ನುತ್ತಾನೆ. ಅದನ್ನು ಉಬ್ಬಿದ ಗೋಲ ಅಂತ ಮಾಡಿಕೊಳ್ಳುವುದು ಮನಸ್ಸು. ಅದೂ ಎಷ್ಟು ಬೇಗ ಅಂದರೆ ನಮಗೇ ಗೊತ್ತಾಗುವುದಿಲ್ಲ. ಅಭ್ಯಾಸಬಲ. ಓದು ಬಂದವನಿಗೆ ಅಕ್ಷರದ ಗೆರೆ ಕಾಣುವುದಿಲ್ಲ, ನೇರ ಮಾತೇ ಕಾಣುತ್ತದಲ್ಲ, ಹಾಗೆ.

ಈಗ ನಿಮ್ಮ ಎರಡು ಬಾಗಿಲಿಗೆ ಬನ್ನಿ. ‘ಆಕಾರ ಎರಡು ಕಡೆಯಿಂದ ಬರುತ್ತದೆ’ ಅನ್ನುವುದನ್ನು ಲಾಕ್ ಬಿಟ್ಟುಕೊಟ್ಟಿಲ್ಲ. ಕಣ್ಣಿನ ಬಾಗಿಲಿಂದ ಬರುವಾಗ ಅದು ಚಪ್ಪಟೆಯಾಗಿ ಬರುತ್ತದೆ, ಉಬ್ಬಿಸಿಕೊಳ್ಳಲು ರೂಢಿ ಬೇಕು, ಹೊಸಬನಿಗೆ ಆ ರೂಢಿ ಇಲ್ಲ. ನನಗೆ ಅನಿಸುವಂತೆ ಅವನ ‘ಇಲ್ಲ’ಕ್ಕೆ ಕಾರಣ ಇಷ್ಟೇ. ಹಾಗಿದ್ದರೆ ಗೋಲ, ಘನದ ಬದಲು ತಗಡಿನಲ್ಲಿ ಕತ್ತರಿಸಿದ ಒಂದು ವೃತ್ತ, ಒಂದು ಚೌಕ ಇಟ್ಟಿದ್ದರೆ? ಲಾಕ್ ‘ಹೌದು’ ಅನ್ನಬೇಕಾಗುತ್ತಿತ್ತು. ಅದನ್ನು ಅವನನ್ನು ಯಾರೂ ಕೇಳಲಿಲ್ಲ.

ಸಂಜೆಓದು:
ಅಯ್ಯೋ, ಚಪ್ಪಟೆ ವೃತ್ತದ ಸಾಲನ್ನು ಓದಿದ್ದೆ, ಪಕ್ಕದಲ್ಲಿ ಗೆರೆ ಕೂಡ ಹಾಕಿದ್ದೆ. ಎರಡಕ್ಕೂ ಗಂಟು ಹಾಕಲಿಲ್ಲ.

ಸುಮ್ನೆ ಇನ್ನೊಂದು ವಿಷಯ. ಲಾಕ್‌ನ ‘ಐಡಿಯಾ’ಗೆ ಕನ್ನಡದಲ್ಲಿ ಏನನ್ನಬೇಕು? ಐಡಿಯಾ ಅಂದರೆ ನಮಗೆ ಉಪಾಯ. ಕಲ್ಪನೆ ಅಂದರೆ ಇಲ್ಲದ್ದು. ಭಾವನೆ ಅಂದರೆ ಮನಸ್ಸಿಗೆ ನೋವಾಗಿದೆ ಅನ್ನುವ ಕಡೆಗೆ ಹೋಗುತ್ತದೆ. ಅವನಿಗೋ ಹುಣಸೆಹಣ್ಣಿನ ಹುಳಿಯೂ ಐಡಿಯಾ, ತ್ರಿಭುಜವೂ ಐಡಿಯಾ, ದೇವರೂ ಐಡಿಯಾ. ಮನಸ್ಸಿನ ಮುಂದೆ ಏನು ಬಂದು ನಿಂತರೂ ಅದೇ ಹೆಸರು.

ಸೋಮವಾರ ಸಂತೆ:
ನಾನು ‘ಐಡಿಯಾ’ ಅಂತಲೇ ಬಿಡುತ್ತೇನೆ. ಎಷ್ಟೋ ಜಗಳ ಆ ಪದ ಅಷ್ಟು ಅಗಲ ಇದ್ದದ್ದರಿಂದಲೇ ಹುಟ್ಟಿದ್ದು. ಕನ್ನಡದಲ್ಲಿ ಕಿರಿದು ಮಾಡಿದರೆ ಜಗಳವೇ ಕಾಣೆಯಾಗುತ್ತದೆ.

ಮುಂದಿನದು ಬರ್ಕ್ಲಿ, ಐರ್ಲೆಂಡಿನ ತತ್ವಜ್ಞಾನಿ. ಅವನೂ ಡಬ್ಲಿನ್‌ನಲ್ಲಿ ಓದಿದವನು. 1709ರಲ್ಲಿ, 24ನೇ ವಯಸ್ಸಿನಲ್ಲಿ, ನೋಟದ ಬಗ್ಗೆ ಒಂದು ಪುಸ್ತಕ ಬರೆದ. ಅವನ ಉತ್ತರವೂ ‘ಇಲ್ಲ’. ಹೀಗೆ ನೋಡಿದರೆ ಮಾಲಿನ್ಯೂ, ಲಾಕ್, ಬರ್ಕ್ಲಿ ಮೂವರೂ ಒಂದೇ ಪಾರ್ಟಿ ಅನಿಸುತ್ತದೆ, ಪರೀಕ್ಷೆ ಗೈಡುಗಳಲ್ಲಿ ಹಾಗೇ ಒಂದೇ ಕಾಲಂಗೆ ಹಾಕಿರುತ್ತಾರೆ. ಆದರೆ ಬರ್ಕ್ಲಿಯ ‘ಇಲ್ಲ’ ಬೇರೆಯದೇ. ಎರಡು ಬಾಗಿಲಿಂದ ಬರುವವನು ಒಬ್ಬನೇ ಅಲ್ಲ, ಇಬ್ಬರು ಬೇರೆ ಬೇರೆ ಮನುಷ್ಯರು, ಹೆಸರು ಮಾತ್ರ ಒಂದೇ ಅನ್ನುತ್ತಾನೆ ಅವನು. ಕೈಯ ಚೌಕಕ್ಕೂ ಕಣ್ಣಿನ ಚೌಕಕ್ಕೂ ಸಮಾನವಾದದ್ದು ಏನೂ ಇಲ್ಲ. ಎರಡೂ ಜೊತೆಜೊತೆಗೆ ಬಂದು ಬಂದು ನಮಗೆ ಒಂದರಿಂದ ಇನ್ನೊಂದು ನೆನಪಾಗುತ್ತದೆ. ‘ಮರ’ ಅನ್ನುವ ಸದ್ದಿಗೂ ಅಂಗಳದ ಮರಕ್ಕೂ ಹೋಲಿಕೆ ಇದೆಯಾ? ಇಲ್ಲ. ಕಲಿತಿದ್ದೇವೆ ಅಷ್ಟೇ. ನೋಟ ಅನ್ನುವುದೂ ಅಂಥ ಒಂದು ಭಾಷೆ ಅಂತ ಅವನ ವಾದ.

ತಗಡಿನ ಪ್ರಶ್ನೆ ಇಟ್ಟರೆ ಇಬ್ಬರೂ ಬೇರೆಯಾಗುತ್ತಾರೆ. ಲಾಕ್‌ಗೆ ಕಷ್ಟ ಇಲ್ಲ. ಬರ್ಕ್ಲಿಗೆ ತಗಡಾದರೂ ಅಷ್ಟೇ, ಗೋಲವಾದರೂ ಅಷ್ಟೇ. ಹೊಸಬನಿಗೆ ಪ್ರಶ್ನೆಯೇ ಅರ್ಥ ಆಗುವುದಿಲ್ಲ ಅಂತಾನೆ.

ನಡುಮನೆ:
ಇದೆಲ್ಲ ನಮ್ಮ ಹಳೆಯ ತರ್ಕಗ್ರಂಥ ನ್ಯಾಯಸೂತ್ರದಲ್ಲಿ ಮೊದಲೇ ಇದೆ. ನೋಡಿದ್ದನ್ನೇ ಮುಟ್ಟಿದೆ ಅಂತ ನಮಗೆ ಗೊತ್ತಾಗುತ್ತದೆ, ಅದು ಕಣ್ಣಿಗೂ ಗೊತ್ತಿರಲು ಸಾಧ್ಯವಿಲ್ಲ, ಚರ್ಮಕ್ಕೂ ಸಾಧ್ಯವಿಲ್ಲ, ಹಾಗಾಗಿ ಎರಡನ್ನೂ ಬಲ್ಲ ಆತ್ಮ ಅಂತ ಒಂದಿದೆ. ಮೂರನೇ ಅಧ್ಯಾಯದ ಮೊದಲ ಸೂತ್ರವೇ ಅದು. ಅವರಿಗಿಂತ ಎಷ್ಟೋ ಶತಮಾನ ಹಿಂದೆ.

ಗಣಿತದ ಮೇಷ್ಟ್ರು:
ಸೂತ್ರ ಇರುವುದು ನಿಜ, ಒಳ್ಳೆಯದನ್ನೇ ನೆನಪಿಸಿದಿರಿ. ಆದರೆ ‘ಇದೇ ಅದು’ ಅನ್ನಲು ನನಗೆ ಮನಸ್ಸಿಲ್ಲ. ನೈಯಾಯಿಕರು, ಅಂದರೆ ಆ ನ್ಯಾಯಸೂತ್ರದ ದಾರಿಯವರು, ಕೇಳುವುದು, ಕೂಡಿಸುವವನು ಯಾರು ಅಂತ. ಕೂಡುತ್ತದೆ ಅನ್ನುವುದು ಅಲ್ಲಿ ತಕರಾರಿಲ್ಲದ ಸಂಗತಿ, ವಾದ ಶುರುವಾಗುವುದೇ ಅಲ್ಲಿಂದ. ಮಾಲಿನ್ಯೂ ಕೇಳುವುದು, ಮೊದಲ ಸಲಕ್ಕೇ, ಅಭ್ಯಾಸವಿಲ್ಲದೆ ಕೂಡುತ್ತದಾ ಅಂತ. ಬರ್ಕ್ಲಿ ಮತ್ತು ನೈಯಾಯಿಕರನ್ನು ಒಂದೇ ಜಗುಲಿಯಲ್ಲಿ ಕೂರಿಸಿದ್ದರೆ ಬೆಳಗಾಗುವವರೆಗೆ ಜಗಳ ಆಗುತ್ತಿತ್ತು. ಯಾರು ಮೊದಲು ಅನ್ನುವುದಕ್ಕಿಂತ ಅದನ್ನು ಕೇಳಲು ನನಗೆ ಆಸೆ.

ಹಳೇ ಪೆನ್ನು:
ಅಜ್ಜಿ ವಿಷಯದಲ್ಲಿ ಬೈಸಿಕೊಂಡ ಮೇಲೆ ಸ್ವಲ್ಪ ಓದಿಕೊಂಡು ಬಂದೆ. 1728ರಲ್ಲಿ ಲಂಡನ್ನಿನ ವಿಲಿಯಂ ಚೆಸೆಲ್ಡನ್ ಅನ್ನುವ ಸರ್ಜನ್, ಹದಿಮೂರು ಹದಿನಾಲ್ಕು ವರ್ಷದ ಹುಡುಗನಿಗೆ ಪೊರೆ ಸರಿಸಿ ಅದರ ವರದಿ ಬರೆದಿದ್ದಾನೆ. ಹುಟ್ಟಿನಿಂದ, ಅಥವಾ ನೆನಪೇ ಇಲ್ಲದಷ್ಟು ಚಿಕ್ಕಂದಿನಿಂದ ಕಾಣದ ಹುಡುಗ. ಮೊದಲು ಕಣ್ಣು ಬಂದಾಗ, ಕಂಡದ್ದೆಲ್ಲ ಬಂದು ಕಣ್ಣಿಗೇ ತಾಗುತ್ತಿದೆ ಅನಿಸಿತಂತೆ, ಚರ್ಮಕ್ಕೆ ತಾಗಿದ ಹಾಗೆ.

ನನಗೆ ಹಿಡಿಸಿದ್ದು ಬೆಕ್ಕಿನ ಕಥೆ. ಮನೆಯಲ್ಲಿ ನಾಯಿಯೂ ಇದೆ, ಬೆಕ್ಕೂ ಇದೆ. ನೋಡಿ ಯಾವುದು ಯಾವುದು ಅಂತ ಪದೇ ಪದೇ ಮರೆತುಹೋಗುತ್ತದೆ. ಕೇಳಲು ನಾಚಿಕೆ. ಒಂದು ದಿನ ಬೆಕ್ಕನ್ನು ಎತ್ತಿಕೊಂಡು ಸವರಿದ. ಕೈಗೆ ಅದು ಗೊತ್ತು. ಹಾಗೇ ಹಿಡಿದುಕೊಂಡು ಕಣ್ಣಿಟ್ಟು ನೋಡಿದ. ಕೆಳಗಿಳಿಸಿ, ಸರಿ ಪುಸ್ಸಿ, ಇನ್ನೊಂದು ಸಲ ನಿನ್ನ ಗುರುತು ಹಿಡಿಯುತ್ತೇನೆ ಅಂದನಂತೆ.

ಚಿತ್ರಗಳದ್ದೂ ಇದೆ. ಮೊದಲೆಲ್ಲ ಬಣ್ಣ ಬಳಿದ ಹಲಗೆ ಅಷ್ಟೇ ಕಾಣುತ್ತಿತ್ತು. ಎರಡು ತಿಂಗಳಾದ ಮೇಲೆ ಅದರಲ್ಲಿರುವವು ಉಬ್ಬಿದ ವಸ್ತುಗಳು ಅಂತ ಹೊಳೆಯಿತು. ಮುಟ್ಟಿ ನೋಡಿದರೆ ಚಪ್ಪಟೆ! ಸುಳ್ಳು ಹೇಳುತ್ತಿರುವುದು ಯಾವುದು, ಕೈಯೋ ಕಣ್ಣೋ ಅಂತ ಕೇಳಿದ.

ಸೋಮವಾರ ಸಂತೆ:
ಬರ್ಕ್ಲಿ ಕಡೆಯವರು ಈ ವರದಿ ಹಿಡಿದು ಗೆದ್ದೆವು ಅಂದರು. ಫ್ರೆಂಚ್ ಲೇಖಕ ವೋಲ್ಟೇರ್ 1738ರಲ್ಲಿ ನ್ಯೂಟನ್ ಬಗ್ಗೆ ಬರೆದ ಪುಸ್ತಕದಲ್ಲಿ ಇದನ್ನು ಹಾಕಿ ಫ್ರಾನ್ಸಿನ ತುಂಬ ಹರಡಿದ. ಆದರೆ ಚೆಸೆಲ್ಡನ್ ವರದಿಯಲ್ಲಿ ಗೋಲವೂ ಇಲ್ಲ, ಘನವೂ ಇಲ್ಲ. ಆಗಷ್ಟೇ ಚುಚ್ಚಿಸಿಕೊಂಡ ಕಣ್ಣು ಎಷ್ಟು ಮಂಜಾಗಿತ್ತೋ ಯಾರಿಗೆ ಗೊತ್ತು. ಆ ಕಣ್ಣಿಗೆ ಬೆಕ್ಕು, ನಾಯಿ ಎರಡೂ ಸರಿಯಾಗಿ ಕಾಣದೇ ಇದ್ದಿದ್ದರೆ ಅದು ಐಡಿಯಾಗಳ ಬಗ್ಗೆ ಏನನ್ನೂ ಹೇಳುವುದಿಲ್ಲ.

ಬೆರಳೋದು:
ಮೂರು ದಿನದಿಂದ ಈ ಚರ್ಚೆ ಕೇಳಿಸಿಕೊಳ್ಳುತ್ತಿದ್ದೇನೆ. ಕೇಳಿಸಿಕೊಳ್ಳುತ್ತಿದ್ದೇನೆ ಅಂದರೆ ನಿಜವಾಗಿ, ಫೋನು ಓದಿ ಹೇಳುತ್ತದೆ. ನಾನು ಹುಟ್ಟಿನಿಂದ ಕಣ್ಣು ಕಾಣದವನು. ನಿಮ್ಮ ಮಾಲಿನ್ಯೂ ಮೇಜಿನ ಮುಂದೆ ಕೂರಿಸಿದ್ದು ನನ್ನಂಥವನನ್ನೇ.

ಕೋಪ ಇಲ್ಲ, ಚರ್ಚೆ ಚೆನ್ನಾಗಿದೆ. ಆದರೆ ಒಂದು ಗಮನಿಸಿ. ಇಷ್ಟೂ ಜನರಲ್ಲಿ ಒಬ್ಬ ಕುರುಡನ ಹತ್ತಿರ ಹೋಗಿ ಕೂತು ಮಾತಾಡಿದವರು ಎಷ್ಟು? ನನಗೆ ಗೊತ್ತಿರುವ ಹಾಗೆ ಫ್ರೆಂಚ್ ಲೇಖಕ ಡಿಡೆರೋ ಹೋದ. 1749ರಲ್ಲಿ ಕುರುಡರ ಬಗ್ಗೆ ಒಂದು ದೊಡ್ಡ ಪತ್ರ ಬರೆದ, ಅದೇ ವರ್ಷ ಅವನನ್ನು ಹಿಡಿದು ವ್ಯಾಂಸೆನ್ ಕೋಟೆಯಲ್ಲಿ ಮೂರು ತಿಂಗಳು ಕೂರಿಸಿದರು. ಪ್ಯುಸೋ ಅನ್ನುವ ಊರಿನ ಕುರುಡನನ್ನು ಅವನು ಮಾತಾಡಿಸಿದ್ದ. ಕಣ್ಣು ಬೇಕಾ ಅಂದರೆ ಆ ಮನುಷ್ಯ, ಉದ್ದ ಕೈ ಕೊಟ್ಟರೆ ಅದೇ ಜಾಸ್ತಿ ಉಪಯೋಗ ಅಂದ. ಚಂದ್ರನಲ್ಲಿ ಏನಾಗುತ್ತಿದೆ ಅಂತ ನಿಮ್ಮ ದುರ್ಬೀನಿಗಿಂತ ನನ್ನ ಕೈಯೇ ಚೆನ್ನಾಗಿ ಹೇಳುತ್ತದೆ ಅಂತ. ಅದನ್ನು ಕೇಳಿದಾಗ ಬಸ್ ಸ್ಟಾಪಿನಲ್ಲಿ ಒಬ್ಬನೇ ನಕ್ಕೆ.

ನಿಕೋಲಸ್ ಸಾಂಡರ್‌ಸನ್ ಕೂಡ ಅದರಲ್ಲಿ ಬರುತ್ತಾನೆ. ಒಂದು ವರ್ಷದ ಮಗುವಿದ್ದಾಗ ಸಿಡುಬಿನಿಂದ ಕಣ್ಣು ಹೋಯಿತು. 1711ರಲ್ಲಿ ಕೇಂಬ್ರಿಜ್‌ನಲ್ಲಿ ಗಣಿತದ ಪ್ರೊಫೆಸರ್ ಆದ, ಹಿಂದೆ ನ್ಯೂಟನ್ ಕೂತಿದ್ದ ಅದೇ ಪೀಠ. ತೂತು ಕೊರೆದ ಹಲಗೆಗೆ ಗುಂಡುಪಿನ್ನು ಚುಚ್ಚಿ ಲೆಕ್ಕ ಮಾಡುತ್ತಿದ್ದ. ಕಣ್ಣಿದ್ದವರಿಗೆ ಬೆಳಕಿನ ಬಗ್ಗೆ, ಮಸೂರಗಳ ಬಗ್ಗೆ ಪಾಠ ಹೇಳುತ್ತಿದ್ದ. ಮೇಷ್ಟ್ರು ಹೇಳಿದ ಲೈಬ್‌ನಿಜ್ ಮಾತಿಗೆ ಇದಕ್ಕಿಂತ ಸಾಕ್ಷಿ ಬೇಕಾ?

ಗಣಿತದ ಮೇಷ್ಟ್ರು:
ಬೇಡ. ಹಲಗೆ ಗೊತ್ತಿತ್ತು, ಈ ಕಡೆಯಿಂದ ಯೋಚಿಸಿರಲಿಲ್ಲ. ಆ ಮಾಲಿನ್ಯೂ ಬಗ್ಗೆ ಒಂದು ಸೇರಿಸುತ್ತೇನೆ. ಅವನ ಹೆಂಡತಿ ಲೂಸಿಗೆ 1678ರಲ್ಲಿ ಮದುವೆಯಾದ ಸ್ವಲ್ಪ ದಿನಕ್ಕೇ ಕಣ್ಣು ಹೋಯಿತು. 1691ರಲ್ಲಿ ತೀರಿಕೊಂಡಳು. ಪತ್ರ ಓದುವಾಗ ನನಗೆ ಅದು ನೆನಪಾಗುತ್ತಲೇ ಇರುತ್ತದೆ.

ಕನ್ನಡಕದಂಗಡಿ:
ಬಾಕಿ ಇದ್ದದ್ದನ್ನು ಬರೆಯುತ್ತೇನೆ. ದೆಹಲಿಯಲ್ಲಿ ಇದನ್ನು ನಿಜವಾಗಿ ಪರೀಕ್ಷೆ ಮಾಡಿದ್ದಾರೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪವನ್ ಸಿನ್ಹಾ ನಡೆಸುವ ‘ಪ್ರಕಾಶ್’ ಅನ್ನುವ ಯೋಜನೆ. ಹುಟ್ಟಿನಿಂದ ಕಾಣದ, ಆದರೆ ಆಪರೇಷನ್ನಿಂದ ಸರಿಹೋಗಬಹುದಾದ ಮಕ್ಕಳನ್ನು ಹುಡುಕಿ ಚಿಕಿತ್ಸೆ ಕೊಡಿಸುತ್ತಾರೆ. 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 8ರಿಂದ 17 ವರ್ಷದ ಐದು ಮಕ್ಕಳು. ಆಪರೇಷನ್ ಆಗಿ ಎರಡು ದಿನದೊಳಗೆ ಪರೀಕ್ಷೆ. ಲೆಗೋ ಥರದ ಪ್ಲಾಸ್ಟಿಕ್ ಆಕಾರಗಳು, 20 ಜೋಡಿ.

ಮುಟ್ಟಿದ್ದನ್ನು ಮುಟ್ಟಿ ಗುರುತಿಸುವುದು ಸರಾಸರಿ ನೂರಕ್ಕೆ 98 ಸರಿ. ನೋಡಿದ್ದನ್ನು ನೋಡಿ ಗುರುತಿಸುವುದು 92. ಅಂದರೆ ಕಣ್ಣಿಗೆ ಆಕಾರಗಳ ವ್ಯತ್ಯಾಸ ಕಾಣುತ್ತಿತ್ತು, ಸೋಮವಾರ ಸಂತೆಯವರ ಬೆಕ್ಕಿನ ಅನುಮಾನ ಇಲ್ಲಿ ಅಷ್ಟಾಗಿ ನಡೆಯಲ್ಲ. ಮುಟ್ಟಿದ್ದನ್ನು ನೋಡಿ ಗುರುತಿಸಿದ್ದು ಮಾತ್ರ 58. ಎರಡರಲ್ಲಿ ಒಂದು ಆರಿಸುವುದಲ್ವಾ, ಕಣ್ಣು ಮುಚ್ಚಿ ಹೇಳಿದರೂ 50 ಬರುತ್ತದೆ. ಆದರೆ ಅವರಲ್ಲಿ ಕೆಲವರನ್ನು ಮತ್ತೆ ಕರೆದು ನೋಡಿದಾಗ, ಯಾರೂ ತರಬೇತಿ ಕೊಡದೆಯೇ, ಕೆಲವೇ ದಿನಗಳಲ್ಲಿ ಚೆನ್ನಾಗಿ ಹೇಳುತ್ತಿದ್ದರು.

ತರ್ಲೆ ತಮ್ಮ:
ಹಾಗಾದರೆ ಲಾಕ್ ಗೆದ್ದ. ಬಾಗಿಲು ಹಾಕಿ ಹೋಗೋಣ್ವಾ?

ಸೋಮವಾರ ಸಂತೆ:
ತಮ್ಮಾ, ಯಾವ ‘ಇಲ್ಲ’ ಗೆದ್ದದ್ದು? ಲಾಕ್‌ದೋ ಬರ್ಕ್ಲಿಯದೋ? ನೋಡಿ ನೋಡಿ ಹೋಲಿಸುವಾಗ ಆ ಮಕ್ಕಳಿಗೆ ಕಂಡದ್ದು ಉಬ್ಬಿದ ವಸ್ತುವೋ, ಚಪ್ಪಟೆ ಕಲೆಯೋ? ಬರೀ ಕಲೆಯಾಗಿದ್ದರೂ 92 ಬರುತ್ತದೆ. ಪ್ರಯೋಗ ಬಂದಮೇಲೆ ಇದೇ ಆಕ್ಷೇಪಣೆ ಎತ್ತಿದವರಿದ್ದಾರೆ. ವಸ್ತುವಿನ ಸುತ್ತ ಓಡಾಡಿ ನೋಡಲು ಬಿಡಿ, ಇಲ್ಲವೇ ಉಬ್ಬಿದ ವಸ್ತು ಬಿಟ್ಟು ಚಪ್ಪಟೆ ಆಕಾರ ಕೊಡಿ ಅಂದರು. ನನ್ನ ತಗಡು! ಅಲ್ಲದೆ, ಅಷ್ಟು ಬೇಗ ಕಲಿತದ್ದು ಬರ್ಕ್ಲಿಗೆ ಕಷ್ಟ ಕೊಡಬೇಕು. ಹೋಲಿಕೆಯೇ ಇಲ್ಲದ ಎರಡು ಭಾಷೆಯನ್ನು ವಾರದಲ್ಲಿ ಜೋಡಿಸಿಕೊಳ್ಳುವುದು ಅಂದರೆ ಸ್ವಲ್ಪ ಜಾಸ್ತಿಯೇ ಆಯಿತು.

ಕನ್ನಡಕದಂಗಡಿ:
ಲೈಬ್‌ನಿಜ್ ಷರತ್ತೂ ಬಾಕಿ ಇದೆ. ಅವನು ಯೋಚಿಸಲು ಸಮಯ ಕೊಡಿ ಅಂದ. ಮಕ್ಕಳಿಗೆ ‘ಮೂಲೆ ಎಣಿಸು’ ಅಂತ ಯಾರೂ ಹೇಳಿರಲಿಲ್ಲ.

ಬೆರಳೋದು:
ಚಪ್ಪಟೆ ಅಂದಿರಲ್ಲ, ನಿನ್ನೆ ರಾತ್ರಿಯದೊಂದು ಹೇಳುತ್ತೇನೆ.

ನಮ್ಮಲ್ಲಿ ಒಂದು ರಬ್ಬರ್ ಹಾಸು ಇದೆ. ಅದರ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಇಟ್ಟು ಬಾಲ್‌ಪೆನ್ನಿನಲ್ಲಿ ಒತ್ತಿ ಗೀಚಿದರೆ ಗೆರೆ ಉಬ್ಬಿ ಬರುತ್ತದೆ, ಬೆರಳಿಗೆ ಸಿಗುತ್ತದೆ. ಅಕ್ಕನ ಮಗಳು ಆರನೇ ಕ್ಲಾಸು. ಈ ಚರ್ಚೆ ಹೇಳಿದೆ. ‘ಮಾಮ, ನಾನು ಘನ ಬರೀತೀನಿ, ಕಂಡುಹಿಡಿ’ ಅಂದಳು. ಬರೆದು ಕೊಟ್ಟಳು. ಸವರಿದೆ. ಆರು ಮೂಲೆಯ ಒಂದು ಆಕಾರ, ನಡುವಿನ ಒಂದು ಚುಕ್ಕಿಯಿಂದ ಮೂರು ಗೆರೆ ಹೊರಗೆ ಹೋಗಿವೆ. ‘ಇದು ಮೂರು ರೆಕ್ಕೆಯ ಫ್ಯಾನಾ?’ ಅಂದೆ. ‘ಡಬ್ಬಿ ಮಾಮ! ಡಬ್ಬಿ ಗೊತ್ತಾಗಲ್ವಾ ನಿಂಗೆ?’

ಅಡುಗೆಮನೆಯಿಂದ ಡಬ್ಬಿಯೇ ತಂದಳು. ಎಡಗೈಯಲ್ಲಿ ಡಬ್ಬಿ, ಬಲಗೈಯಲ್ಲಿ ಹಾಳೆ. ಏನೂ ಹೊಂದುವುದಿಲ್ಲ. ಡಬ್ಬಿಯ ಮೂಲೆಗಳೆಲ್ಲ ಕಟ್ಟುನಿಟ್ಟಾಗಿ ನೇರ, ಹಾಳೆಯ ಮೇಲೆ ಒಂದೂ ನೇರ ಇಲ್ಲ. ಆಮೇಲೆ ಅವಳು ಡಬ್ಬಿ ತಿರುಗಿಸಿ ಒಂದು ಮೂಲೆಯನ್ನು ನನ್ನ ಮೂಗಿಗೆ ತಾಗಿಸಿ ಹಿಡಿದಳು. ‘ಇಲ್ಲಿಂದ ಮೂರು ಗೆರೆ ಹಿಂದಕ್ಕೆ ಹೋಗುತ್ತೆ ನೋಡು’ ಅಂದಳು. ಸವರಿದೆ. ಹಾಳೆಯ ನಡುವಿನ ಚುಕ್ಕಿ ಅಂದರೆ ಮೂಗಿಗೆ ತಾಗಿದ ಮೂಲೆ! ಆಮೇಲೆ ಅವಳು ಬರೆದ ಮೂರು ಡಬ್ಬಿಯನ್ನೂ ಥಟ್ಟಂತ ಹೇಳಿದೆ. ಒಟ್ಟು ಹತ್ತು ನಿಮಿಷ ಹಿಡಿದಿರಬಹುದು.

ಈಗ ನನ್ನ ಪ್ರಶ್ನೆ. ಅಲ್ಲಿ ಕಣ್ಣೇ ಇರಲಿಲ್ಲ. ಹಾಳೆಯೂ ಕೈಗೆ, ಡಬ್ಬಿಯೂ ಕೈಗೆ. ಎರಡೂ ಒಂದೇ ಬಾಗಿಲಿಂದ ಬಂದವು, ಆದರೂ ಗುರುತು ಹತ್ತಲು ಹತ್ತು ನಿಮಿಷ ಬೇಕಾಯಿತು. ಸಂಜೆಓದು ಅವರೇ, ಲಾಕ್ ಇದನ್ನು ಯಾವ ಅಧ್ಯಾಯಕ್ಕೆ ಹಾಕುತ್ತಾನೆ?

ಸಂಜೆಓದು:
ಒಂಬತ್ತಕ್ಕೇ ಇರಬೇಕು ಅನಿಸುತ್ತದೆ. ಆದರೆ ಅಲ್ಲಿ ಅವನು ಬರೀ ಕಣ್ಣಿನ ಮಾತಾಡುತ್ತಾನೆ. ನಾಳೆ ಐದರಿಂದ ಮತ್ತೆ ಓದುತ್ತೇನೆ. ಆ ಹಾಸು ಎಲ್ಲಿ ಸಿಗುತ್ತದೆ ಅಂತ ತಿಳಿಸಿ, ನಾನೂ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನೋಡಬೇಕು.

ಬೆರಳೋದು:
ತಿಳಿಸುತ್ತೇನೆ. ಬಟ್ಟೆ ಕಟ್ಟಿಕೊಂಡರೆ ನೀವು ಅಜ್ಜಿ ಲೆಕ್ಕವೇ ಆಗುತ್ತೀರಿ, ನೆನಪಿರಲಿ.